ತಾತನ ಪಕ್ಕದಲ್ಲಿ ಅಜ್ಜಿ ಕೂತಿದ್ದೇ ಇಲ್ಲ: ಫೋಟೋ ತಿದ್ದುವ ಕೆಲಸದ ಕತೆ

ನಮ್ಮ ಮನೆಯ ನಡುಮನೆಯಲ್ಲಿ ಒಂದು ಜೋಡಿ ಫೋಟೋ ಇದೆ. ತಾತ ಕರಿ ಕೋಟು ಹಾಕಿ, ರುಮಾಲು ಸುತ್ತಿ ಕುರ್ಚಿಯಲ್ಲಿ ಕೂತಿದ್ದಾರೆ. ಪಕ್ಕದ ಕುರ್ಚಿಯಲ್ಲಿ ಅಜ್ಜಿ. ಹಣೆಯಲ್ಲಿ ಕಾಸಗಲ ಕುಂಕುಮ, ಕೊರಳಲ್ಲಿ ತಾಳಿ, ಕೈ ತುಂಬ ಬಳೆ. ಇಂಥ ಫೋಟೋ ನಿಮ್ಮ ಮನೆಯಲ್ಲೂ ಒಂದು ಇರಬಹುದು.

ಹೋದ ವರ್ಷ ಮನೆಗೆ ಸುಣ್ಣ ಬಳಿಯುವಾಗ ಅದನ್ನು ಕೆಳಗಿಳಿಸಿದೆವು. ಗೆದ್ದಲು ಹಿಡಿದಿತ್ತು. ಫ್ರೇಮ್ ಬಿಚ್ಚಿದರೆ ಹಿಂದಿನ ರಟ್ಟಿನ ಒಳಗೆ ಇನ್ನೊಂದು ಚಿಕ್ಕ ಫೋಟೋ ಸಿಕ್ಕಿತು. ಅದರಲ್ಲೂ ಅಜ್ಜಿಯೇ. ಅದೇ ಮುಖ, ಅದೇ ನೋಟ. ಆದರೆ ಹಣೆ ಬರಿದು, ಕೊರಳು ಬರಿದು, ತಲೆಯ ಮೇಲೆ ಬಿಳಿ ಸೀರೆಯ ಸೆರಗು. ಪಕ್ಕದಲ್ಲಿ ಯಾರೂ ಇಲ್ಲ.

ಅಪ್ಪನನ್ನು ಕೇಳಿದೆ. ಅಪ್ಪ ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳಿದರು: "ತಾತ ತೀರಿಕೊಂಡಿದ್ದು 1961ರಲ್ಲಿ. ಅಜ್ಜಿ ಫೋಟೋ ತೆಗೆಸಿದ್ದು 1983ರಲ್ಲಿ, ಈ ಮನೆ ಗೃಹಪ್ರವೇಶಕ್ಕೆ. ಅವರಿಬ್ಬರೂ ಜೊತೇಲಿ ಫೋಟೋಗೆ ಕೂತಿದ್ದೇ ಇಲ್ಲ ಕಣೋ. ತಾತ ಜನ್ಮದಲ್ಲಿ ಕೋಟು ಹಾಕಿದವರೂ ಅಲ್ಲ."

ಹಾಗಾದರೆ ನಾನು ಮೂವತ್ತು ವರ್ಷ ನೋಡಿಕೊಂಡು ಬಂದಿದ್ದು ಏನು? ಸುಳ್ಳಾ? ಈ ಪ್ರಶ್ನೆ ಹಿಡಿದುಕೊಂಡು ನಾನು ಆ ಫೋಟೋ ಮಾಡಿಕೊಟ್ಟ ಸ್ಟುಡಿಯೋ ಹುಡುಕಿಕೊಂಡು ತಾಲ್ಲೂಕು ಕೇಂದ್ರಕ್ಕೆ ಹೋದೆ. ಅಲ್ಲಿ ಸಿಕ್ಕ ಉತ್ತರಕ್ಕೆ ಮೊದಲು, ಈ ಫೋಟೋ ತಿದ್ದುವ ಕೆಲಸ ಎಲ್ಲಿಂದ ಬಂತು ಎನ್ನುವುದನ್ನು ಹೇಳಿಬಿಡುತ್ತೇನೆ.

ಕ್ಯಾಮೆರಾ ಬಂದ ಹಿಂದೆಯೇ ಬಣ್ಣದ ಕುಂಚವೂ ಬಂತು

ಫೋಟೋ ತಿದ್ದುವುದು ಕಂಪ್ಯೂಟರ್ ಬಂದ ಮೇಲೆ ಶುರುವಾಯಿತು ಎಂದು ನಮ್ಮಲ್ಲಿ ಬಹಳ ಜನ ತಿಳಿದಿದ್ದಾರೆ. ಹಾಗಲ್ಲ. ಫೋಟೋಗ್ರಫಿಗೆ ಎಷ್ಟು ವಯಸ್ಸೋ ತಿದ್ದುವ ಕೆಲಸಕ್ಕೂ ಹೆಚ್ಚುಕಡಿಮೆ ಅಷ್ಟೇ ವಯಸ್ಸು.

1839ರಲ್ಲಿ ಫ್ರಾನ್ಸಿನ ಲೂಯಿ ದಾಗೇರ್ ಕಂಡುಹಿಡಿದ ವಿಧಾನವನ್ನು ಜಗತ್ತಿಗೆ ಪ್ರಕಟಿಸಿದರು. ಬೆಳ್ಳಿ ಲೇಪಿಸಿದ ತಾಮ್ರದ ತಗಡಿನ ಮೇಲೆ ಮೂಡುವ ಚಿತ್ರ ಅದು. ಒಂದು ತಗಡಿಗೆ ಒಂದೇ ಚಿತ್ರ, ಇನ್ನೊಂದು ಪ್ರತಿ ತೆಗೆಯಲು ಬರುವುದಿಲ್ಲ. ಬಣ್ಣವೂ ಇಲ್ಲ. ಕೆಲವೇ ವರ್ಷಗಳಲ್ಲಿ ಸ್ವಿಟ್ಜರ್ಲೆಂಡಿನ ಐಸೆನ್ರಿಂಗ್ ಎಂಬ ಚಿತ್ರಕಾರರು ಅಂಟಿನ ಜೊತೆ ಬಣ್ಣದ ಪುಡಿ ಬೆರೆಸಿ ತಗಡಿನ ಮೇಲಿನ ಕೆನ್ನೆಗೆ, ಬಟ್ಟೆಗೆ ಬಣ್ಣ ಕೂರಿಸತೊಡಗಿದರು. ಜನ ಅದನ್ನು ಇಷ್ಟಪಟ್ಟರು. ಕಪ್ಪುಬಿಳುಪಿನ ಮುಖ ಯಾರಿಗೂ ತಮ್ಮದೇ ಮುಖ ಅನ್ನಿಸುತ್ತಿರಲಿಲ್ಲ.

ಆಮೇಲೆ ನೆಗೆಟಿವ್ ಬಂತು. ಇಂಗ್ಲೆಂಡಿನ ಟಾಲ್ಬಟ್ 1841ರಲ್ಲಿ ಕಾಗದದ ನೆಗೆಟಿವ್‌ಗೆ ಪೇಟೆಂಟ್ ಪಡೆದರು. 1851ರಲ್ಲಿ ಗಾಜಿನ ಮೇಲೆ ನೆಗೆಟಿವ್ ಮಾಡುವ ವಿಧಾನ ಬಂತು. ನೆಗೆಟಿವ್‌ನಲ್ಲಿ ಬೆಳಕು ಕಪ್ಪಾಗಿ, ನೆರಳು ಬಿಳಿಯಾಗಿ ತಲೆಕೆಳಗಾಗಿರುತ್ತದೆ. ಒಂದು ನೆಗೆಟಿವ್‌ನಿಂದ ಬೇಕಾದಷ್ಟು ಪ್ರಿಂಟ್ ತೆಗೆಯಬಹುದು. ತಿದ್ದುವವನಿಗೆ ಇದರಷ್ಟು ಅನುಕೂಲ ಇನ್ನೊಂದಿಲ್ಲ. ನೆಗೆಟಿವ್‌ನಲ್ಲಿ ಒಂದು ಸಲ ತಿದ್ದಿದರೆ ಸಾಕು, ಅದರಿಂದ ತೆಗೆದ ಪ್ರತಿ ಪ್ರಿಂಟ್‌ನಲ್ಲೂ ಅದು ಬರುತ್ತದೆ.

1855ರಲ್ಲಿ ಪ್ಯಾರಿಸ್‌ನಲ್ಲಿ ನಡೆದ ದೊಡ್ಡ ವಸ್ತುಪ್ರದರ್ಶನದಲ್ಲಿ ಜರ್ಮನಿಯ ಮ್ಯೂನಿಕ್ ನಗರದ ಹಾನ್ಫ್‌ಸ್ಟೆಂಗಲ್ ಎಂಬ ಫೋಟೋಗ್ರಾಫರ್ ಒಂದೇ ಮುಖದ ಎರಡು ಪ್ರಿಂಟ್ ಇಟ್ಟರು. ಒಂದು ತಿದ್ದುವ ಮೊದಲಿನದು, ಇನ್ನೊಂದು ತಿದ್ದಿದ ಮೇಲಿನದು. ನೋಡಿದ ಜನ ಬೆರಗಾದರು. ಅಲ್ಲಿಂದ ಮುಂದೆ ಸ್ಟುಡಿಯೋಗಳಲ್ಲಿ ರೀಟಚಿಂಗ್ ಎಂಬುದು ಬೇರೆಯದೇ ಒಂದು ಕಸುಬಾಯಿತು. ಯುರೋಪು, ಅಮೆರಿಕಗಳಲ್ಲಿ ಈ ಕೆಲಸಕ್ಕೆ ಹೆಂಗಸರು ದೊಡ್ಡ ಸಂಖ್ಯೆಯಲ್ಲಿ ಬಂದರು.

ಬೆಂಗಳೂರಿನಲ್ಲಿ ಪ್ರಿಂಟ್ ಆದ ಮೋಡಗಳು

ಈ ಕತೆಗೆ ನಮ್ಮ ನಾಡಿನ ನಂಟೂ ಇದೆ. ಅದೂ ಅದೇ 1855ರ ಹೊತ್ತಿನದು.

ಲಿನಿಯಸ್ ಟ್ರೈಪ್ ಮದ್ರಾಸ್ ಸೈನ್ಯದ ಅಧಿಕಾರಿ, ಬೆಂಗಳೂರಿನಲ್ಲಿದ್ದವರು. 1854ರ ಡಿಸೆಂಬರ್‌ನಲ್ಲಿ ಹಳೇಬೀಡು, ಬೇಲೂರಿಗೆ ಹೋಗಿ ದೇವಸ್ಥಾನಗಳ ಫೋಟೋ ತೆಗೆದರು. ಮರುವರ್ಷ ಬ್ರಿಟಿಷರು ಬರ್ಮಾದ ರಾಜನ ಬಳಿಗೆ ಕಳಿಸಿದ ನಿಯೋಗದ ಜೊತೆ ಫೋಟೋಗ್ರಾಫರ್ ಆಗಿ ಹೋದರು. ವಾಪಸ್ ಬಂದು ಬೆಂಗಳೂರಿನಲ್ಲಿ ಕೂತು 120 ಚಿತ್ರಗಳ 50 ಸೆಟ್‌ಗಳನ್ನು ಪ್ರಿಂಟ್ ಮಾಡಿಸಿದರು. ಲೆಕ್ಕ ಹಾಕಿ, ಒಟ್ಟು 6000 ಪ್ರಿಂಟ್.

ಆ ಚಿತ್ರಗಳಲ್ಲಿ ಕೆಲವದರ ಆಕಾಶದಲ್ಲಿ ಚೆಂದದ ಮೋಡಗಳಿವೆ. ಅವು ಬರ್ಮಾದ ಮೋಡಗಳಲ್ಲ. ಟ್ರೈಪ್ ನೆಗೆಟಿವ್ ಮೇಲೆ ಬಣ್ಣ ಹಚ್ಚಿ ಬರೆದ ಮೋಡಗಳು. ಗಿಡಮರದ ಎಲೆಗಳನ್ನೂ ಕೆಲವು ಕಡೆ ಹಾಗೆಯೇ ತಿದ್ದಿದ್ದಾರೆ.

ಯಾಕೆ ಹಾಗೆ ಮಾಡಿದರು? ಮೋಸ ಮಾಡಲು ಅಲ್ಲ. ಆಗಿನ ನೆಗೆಟಿವ್‌ನ ರಾಸಾಯನಿಕಕ್ಕೆ ಎಲ್ಲ ಬಣ್ಣ ಕಾಣುತ್ತಿರಲಿಲ್ಲ. ಅದಕ್ಕೆ ನೀಲಿ ಬೆಳಕು ತುಂಬ ಬೇಗ ತಾಗುತ್ತಿತ್ತು. ಹಾಗಾಗಿ ನೀಲಿ ಆಕಾಶ, ಬಿಳಿ ಮೋಡ ಎರಡೂ ಸೇರಿ ಪ್ರಿಂಟ್‌ನಲ್ಲಿ ಬರೀ ಬಿಳಿ ಹಾಳೆಯಂತೆ ಬರುತ್ತಿತ್ತು. ಕಣ್ಣು ಕಂಡದ್ದನ್ನು ಕ್ಯಾಮೆರಾ ಕಾಣಲಿಲ್ಲ, ಅದನ್ನು ಕುಂಚ ಸರಿಮಾಡಿತು.

ಕೆಂಪಿನ ವಿಷಯದಲ್ಲಿ ಇದರ ಉಲ್ಟಾ. ಆ ರಾಸಾಯನಿಕಕ್ಕೆ ಕೆಂಪು ಕಾಣುತ್ತಲೇ ಇರಲಿಲ್ಲ, ಕಪ್ಪಾಗಿ ಬರುತ್ತಿತ್ತು. ಮುಖದ ಮೇಲಿನ ಕೆಂಪು ಗುಳ್ಳೆ, ತಿಳಿ ಕಲೆ ಎಲ್ಲ ಕರಿ ಚುಕ್ಕೆಯಾಗಿ ಎದ್ದು ಕಾಣುತ್ತಿದ್ದವು. ಕಂದು ಮೈಬಣ್ಣ ಇರುವುದಕ್ಕಿಂತ ಕಪ್ಪಾಗುತ್ತಿತ್ತು. ಎಲ್ಲ ಬಣ್ಣಗಳನ್ನೂ ಹಿಡಿಯುವ ಪ್ಲೇಟ್‌ಗಳು ಅಂಗಡಿಗೆ ಬಂದದ್ದು 1906ರ ಹೊತ್ತಿಗೆ. ಅಷ್ಟು ವರ್ಷ ಮುಖ ತಿದ್ದಲೇಬೇಕಿತ್ತು. ತಿದ್ದದೆ ಕೊಟ್ಟರೆ ಗಿರಾಕಿ ದುಡ್ಡು ಕೊಡುತ್ತಿರಲಿಲ್ಲ.

ನಮ್ಮ ದೇಶದಲ್ಲಿ ಇದಕ್ಕೆ ಇನ್ನೊಂದು ದಾರಿಯೂ ಸೇರಿಕೊಂಡಿತು. ಇಲ್ಲಿ ಆಗಲೇ ಆಸ್ಥಾನಗಳಲ್ಲಿ, ದೇವಸ್ಥಾನದ ಊರುಗಳಲ್ಲಿ ಚಿತ್ರ ಬರೆಯುವ ಮನೆತನಗಳಿದ್ದವು. ಫೋಟೋ ಬಂದಾಗ ಅವರು ಕುಂಚ ಕೆಳಗಿಡಲಿಲ್ಲ, ಫೋಟೋದ ಮೇಲೆಯೇ ಬರೆದರು. ರಾಜಸ್ಥಾನದ ನಾಥದ್ವಾರದಲ್ಲಿ ಶ್ರೀನಾಥನ ಚಿತ್ರದ ಎರಡೂ ಬದಿಗೆ ಭಕ್ತರ ಫೋಟೋದ ಮುಖ ಕತ್ತರಿಸಿ ಅಂಟಿಸಿ, ಮೈ ಬಟ್ಟೆಯನ್ನೆಲ್ಲ ಬಣ್ಣದಲ್ಲಿ ಬರೆದುಕೊಡುತ್ತಿದ್ದರು. ಮೈಸೂರು ಅರಮನೆಯ ಕಲ್ಯಾಣ ಮಂಟಪಕ್ಕೆ ನೀವು ಹೋಗಿದ್ದರೆ ಗೋಡೆಯ ಸುತ್ತ ದಸರಾ ಮೆರವಣಿಗೆಯ ದೊಡ್ಡ ವರ್ಣಚಿತ್ರಗಳನ್ನು ನೋಡಿರುತ್ತೀರಿ. ಅವು ನಿಜವಾದ ಮೆರವಣಿಗೆಯ ಫೋಟೋಗಳನ್ನು ಮುಂದಿಟ್ಟುಕೊಂಡು ಬರೆದವು. ಫೋಟೋ ಬೇರೆ, ಚಿತ್ರ ಬೇರೆ ಎಂಬ ಗೋಡೆ ನಮ್ಮಲ್ಲಿ ಅಷ್ಟು ಗಟ್ಟಿಯಾಗಿರಲಿಲ್ಲ.

ಸೂಜಿಯಂಥ ಪೆನ್ಸಿಲ್

ಈಗ ತಾಲ್ಲೂಕು ಕೇಂದ್ರದ ಸ್ಟುಡಿಯೋಗೆ ಬರೋಣ. ಈಗ ಅದು ಜೆರಾಕ್ಸ್ ಅಂಗಡಿ. ಮಗ ಕಂಪ್ಯೂಟರ್ ಮುಂದೆ ಕೂತು ಪಾಸ್‌ಪೋರ್ಟ್ ಫೋಟೋ ಮಾಡಿಕೊಡುತ್ತಾರೆ. ಎಪ್ಪತ್ತು ದಾಟಿದ ಯಜಮಾನ್ರು ಬಾಗಿಲ ಪಕ್ಕ ಕುರ್ಚಿ ಹಾಕಿಕೊಂಡು ಕೂತಿರುತ್ತಾರೆ. ಒಂದು ಕಣ್ಣಿಗೆ ಪೊರೆ ಆಪರೇಷನ್ ಆಗಿದೆ.

ನಾನು ಎರಡೂ ಫೋಟೋ ತೋರಿಸಿದೆ. "ನಾನೇ ಮಾಡಿದ್ದು" ಅಂದರು. ಒಳಗಿಂದ ಹಳೇ ಪೆಟ್ಟಿಗೆ ತರಿಸಿದರು.

ಅದರಲ್ಲಿ ಇಳಿಜಾರಾದ ಒಂದು ಮರದ ಡೆಸ್ಕ್. ನಡುವೆ ಕಿಟಕಿಯಂತೆ ಕತ್ತರಿಸಿ ಮಬ್ಬುಗಾಜು ಕೂರಿಸಿದೆ. ಕೆಳಗೊಂದು ಕನ್ನಡಿ. ಕನ್ನಡಿಗೆ ಬಿದ್ದ ಬೆಳಕು ಗಾಜಿನ ಮೂಲಕ ಮೇಲೆ ಬರುತ್ತದೆ. ಗಾಜಿನ ಮೇಲೆ ನೆಗೆಟಿವ್ ಇಟ್ಟರೆ ಮುಖ ಬೆಳಗುತ್ತದೆ.

"ಪೆನ್ಸಿಲ್ ಹೆರೆಯೋದೇ ಅರ್ಧ ವಿದ್ಯೆ ನೋಡಪ್ಪಾ" ಅಂದರು. ಸೀಸವನ್ನು ಉದ್ದಕ್ಕೆ ಬಿಟ್ಟು, ಉಪ್ಪುಕಾಗದದ ಮೇಲೆ ಉಜ್ಜಿ ಉಜ್ಜಿ ಸೂಜಿಯ ಮೊನೆ ಮಾಡಬೇಕು. ನೆಗೆಟಿವ್ ನುಣುಪಾಗಿರುವುದರಿಂದ ಪೆನ್ಸಿಲ್ ಹಿಡಿಯುವುದಿಲ್ಲ. ಅದಕ್ಕೆ ಟರ್ಪೆಂಟೈನ್‌ನಲ್ಲಿ ರಾಳ ಕರಗಿಸಿದ ಒಂದು ದ್ರವವನ್ನು ಬಟ್ಟೆಯಲ್ಲಿ ತೆಳ್ಳಗೆ ಸವರಬೇಕು. ಆಮೇಲೆ ಉಸಿರು ಬಿಗಿಹಿಡಿದು ಚುಕ್ಕೆ ಚುಕ್ಕೆಯಾಗಿ, ಅಲ್ಪವಿರಾಮದಂಥ ಗೆರೆಗಳಾಗಿ ಮುಟ್ಟುತ್ತಾ ಹೋಗಬೇಕು.

ಇಲ್ಲೊಂದು ಸೂಕ್ಷ್ಮ ಇದೆ. ಮುಖದ ಮೇಲಿನ ಕರಿಕಲೆ ನೆಗೆಟಿವ್‌ನಲ್ಲಿ ಬಿಳಿ ತೂತಿನಂತೆ ಕಾಣುತ್ತದೆ. ಆ ತೂತನ್ನು ಪೆನ್ಸಿಲ್‌ನಿಂದ ತುಂಬಿದರೆ ಅಲ್ಲಿ ಬೆಳಕು ತಡೆದು, ಪ್ರಿಂಟ್‌ನಲ್ಲಿ ಕಲೆ ಮಾಯವಾಗುತ್ತದೆ. ಅಂದರೆ ನೆಗೆಟಿವ್ ಮೇಲೆ ಪೆನ್ಸಿಲ್ ಹಚ್ಚಿದಷ್ಟೂ ಮುಖ ಬೆಳ್ಳಗಾಗುತ್ತದೆ. ಕಪ್ಪು ಮಾಡಬೇಕಾದರೆ ಸಣ್ಣ ಚಾಕುವಿನಿಂದ ಹೆರೆಯಬೇಕು. ಹೆರೆಯುವಾಗ ಕೈ ತಪ್ಪಿದರೆ ನೆಗೆಟಿವ್ ಹಾಳು. ಆದ್ದರಿಂದ ಎಲ್ಲರೂ ಪೆನ್ಸಿಲ್ ಕಡೆಗೇ ವಾಲುತ್ತಿದ್ದರು. ಎಲ್ಲರ ಮುಖವೂ ಬೆಳ್ಳಗಾಗುತ್ತಿತ್ತು.

"ಗಂಡಿನ ಮನೆಗೆ ಕಳಿಸೋ ಫೋಟೋ ಅಂದ್ರೆ ಜನ ಕೂತು ಹೇಳಿ ಮಾಡಿಸೋರು. ಇನ್ನೊಂಚೂರು ಬಿಳಿ, ಇನ್ನೊಂಚೂರು ಬಿಳಿ ಅಂತ. ಒಂದು ಸಲ ನಾನು ಮಾಡಿಕೊಟ್ಟ ಫೋಟೋ ನೋಡಿಕೊಂಡು ಹೆಣ್ಣು ನೋಡೋಕೆ ಬಂದವರು, ಫೋಟೋದಲ್ಲಿರೋ ಹುಡುಗಿ ಎಲ್ಲಿ ಅಂತ ಆ ಮಗು ಎದುರಿಗೇ ಕೇಳಿದ್ರಂತೆ. ಅವರಪ್ಪ ಬಂದು ನನ್ನ ಅಂಗಡೀಲಿ ಅತ್ತರು. ಅವತ್ತಿಂದ ಗುಳ್ಳೆ ತೆಗೆದೆ, ಬಣ್ಣ ಮುಟ್ಟಲಿಲ್ಲ."

ಜೋಡಿ ಫೋಟೋ ಮಾಡಿದ್ದು ಹೇಗೆ ಎಂದು ಕೇಳಿದೆ. ತಾತನ ಒಂದೇ ಒಂದು ಫೋಟೋ ಇತ್ತಂತೆ. ಭಜನೆ ಮೇಳದ ಗುಂಪು ಫೋಟೋ. ಅದರಲ್ಲಿ ತಾತನ ಮುಖ ಹುಣಸೆ ಬೀಜದಷ್ಟು. ಅದನ್ನು ಮತ್ತೆ ಫೋಟೋ ತೆಗೆದು ದೊಡ್ಡದು ಮಾಡಿದರು. ದೊಡ್ಡದಾದ ಮೇಲೆ ಮಸುಕಾದ ಕಣ್ಣು, ಮೂಗಿನ ಗೆರೆ ತಿದ್ದಿದರು. ಅಂಗಿಯ ಜಾಗಕ್ಕೆ ಕೋಟು ಬರೆದರು. ಅಜ್ಜಿಯನ್ನು ಸ್ಟುಡಿಯೋದಲ್ಲಿ ಕೂರಿಸಿ ಬೇರೆ ತೆಗೆದರು. ಎರಡೂ ಪ್ರಿಂಟ್ ಕತ್ತರಿಸಿ ಒಂದು ರಟ್ಟಿನ ಮೇಲೆ ಅಂಟಿಸಿ, ಅಂಚು ಕಾಣದಂತೆ ಬಣ್ಣ ಕೂರಿಸಿ, ಕುಂಕುಮ, ತಾಳಿ, ಬಳೆ ಬರೆದು, ಇಡೀದನ್ನು ಮತ್ತೆ ಫೋಟೋ ತೆಗೆದು ಹೊಸ ನೆಗೆಟಿವ್ ಮಾಡಿದರು. ಅದರಿಂದ ಊಟಿಯ ಇಂದು ಕಂಪನಿ ಕಾಗದದ ಮೇಲೆ ಪ್ರಿಂಟ್. ಒಂದು ವಾರದ ಕೆಲಸ.

ಗೊತ್ತಿದ್ದು ಮಾಡಿಸಿದ್ದು, ಗೊತ್ತಿಲ್ಲದಂತೆ ಮಾಡಿದ್ದು

ಸತ್ತವರನ್ನು ಬದುಕಿದವರ ಪಕ್ಕ ಕೂರಿಸುವ ಫೋಟೋ ನಮ್ಮಲ್ಲಿ ಮಾತ್ರ ಹುಟ್ಟಿದ್ದಲ್ಲ. ಅಮೆರಿಕದಲ್ಲಿ 1860ರ ದಶಕದಲ್ಲಿ ವಿಲಿಯಂ ಮಮ್ಲರ್ ಎಂಬಾತ ನಿಮ್ಮ ಫೋಟೋ ತೆಗೆದರೆ ಹಿಂದೆ ನಿಮ್ಮ ತೀರಿಹೋದ ಬಂಧುವಿನ ಆತ್ಮವೂ ಬೀಳುತ್ತದೆ ಎಂದು ಹೇಳಿ ದುಡ್ಡು ಮಾಡಿದ. ಆಗಷ್ಟೇ ಅಲ್ಲಿ ಅಂತರ್ಯುದ್ಧದಲ್ಲಿ ಲಕ್ಷಾಂತರ ಜನ ಸತ್ತಿದ್ದರು. ಮಕ್ಕಳನ್ನು ಕಳೆದುಕೊಂಡ ತಾಯಂದಿರು ನಂಬಿದರು. 1869ರಲ್ಲಿ ನ್ಯೂಯಾರ್ಕ್‌ನಲ್ಲಿ ಅವನ ಮೇಲೆ ಮೋಸದ ಕೇಸು ನಡೆಯಿತು. ಹೇಗೆ ಮಾಡುತ್ತಾನೆ ಎಂದು ಸಾಬೀತು ಮಾಡಲಾಗದೆ ಅವನನ್ನು ಬಿಟ್ಟುಬಿಟ್ಟರು.

ನಮ್ಮ ಸ್ಟುಡಿಯೋ ಯಜಮಾನ್ರು ಮಾಡಿದ್ದೂ ಕೈಚಳಕದ ಮಟ್ಟಿಗೆ ಅದಕ್ಕೆ ಹತ್ತಿರದ್ದೇ. ಆದರೆ ಅಪ್ಪನಿಗೆ ಗೊತ್ತಿತ್ತು, ಅಜ್ಜಿಗೆ ಗೊತ್ತಿತ್ತು, ಗೃಹಪ್ರವೇಶಕ್ಕೆ ಬಂದ ಊರಿಗೆ ಗೊತ್ತಿತ್ತು. ಮಮ್ಲರ್ ಕೊಟ್ಟಿದ್ದನ್ನು ಜನ ನಿಜ ಅಂದುಕೊಂಡು ಮನೆಗೆ ಒಯ್ದರು. ವ್ಯತ್ಯಾಸ ಇರುವುದು ಇಲ್ಲಿ.

ಇನ್ನೂ ಕೆಟ್ಟ ಉದಾಹರಣೆ ಸೋವಿಯತ್ ರಷ್ಯಾದ್ದು. ಸ್ಟಾಲಿನ್ ಕಾಲುವೆ ದಡದಲ್ಲಿ ನಡೆಯುವ ಒಂದು ಹೆಸರಾದ ಫೋಟೋ ಇದೆ. ಅವರ ಪಕ್ಕದಲ್ಲಿ ರಹಸ್ಯ ಪೊಲೀಸ್ ಮುಖ್ಯಸ್ಥ ಯೆಜೋವ್ ಇದ್ದಾನೆ. ಸಾವಿರಾರು ಜನರನ್ನು ಕೊಲ್ಲಿಸಿದವನು ಅವನು. ಆಮೇಲೆ ಅವನೇ ಸ್ಟಾಲಿನ್ ಕೋಪಕ್ಕೆ ಸಿಕ್ಕಿ 1940ರಲ್ಲಿ ಮರಣದಂಡನೆಗೆ ಗುರಿಯಾದ. ಮುಂದೆ ಅಚ್ಚಾದ ಫೋಟೋದಲ್ಲಿ ಅವನು ನಿಂತ ಜಾಗದಲ್ಲಿ ಕಾಲುವೆಯ ನೀರು ಮಾತ್ರ ಇದೆ. ಕ್ರಾಂತಿಯ ಹೊತ್ತಿನ ನಾಯಕ ಟ್ರಾಟ್‌ಸ್ಕಿಯನ್ನೂ ಹೀಗೇ ಲೆನಿನ್ ಭಾಷಣದ ಫೋಟೋದಿಂದ ತೆಗೆದುಹಾಕಿದ್ದರು. ಗುಳ್ಳೆ ತೆಗೆಯುವ ಅದೇ ಚಾಕು, ಅದೇ ಕುಂಚ. ತೆಗೆದದ್ದು ಮನುಷ್ಯರನ್ನು.

ಆ ಮೇಲಿನದು ನಿಮಗೆ ಗೊತ್ತಿರುವ ಕಾಲ. 35 ಎಂಎಂ ಫಿಲ್ಮ್ ಬಂದು ನೆಗೆಟಿವ್ ಚಿಕ್ಕದಾಯಿತು, ಮುಖ ಅಕ್ಕಿ ಕಾಳಿನಷ್ಟಾಯಿತು, ಪೆನ್ಸಿಲ್‌ಗೆ ಜಾಗ ಇಲ್ಲವಾಯಿತು. ಕಲರ್ ಬಂದ ಮೇಲೆ ಬಣ್ಣ ಹಚ್ಚುವ ಕೆಲಸವೂ ಹೋಯಿತು. 1982ರ ಫೆಬ್ರವರಿಯಲ್ಲಿ ನ್ಯಾಷನಲ್ ಜಿಯೋಗ್ರಾಫಿಕ್ ಪತ್ರಿಕೆ ಮುಖಪುಟಕ್ಕೆ ಹೊಂದಲಿ ಎಂದು ಈಜಿಪ್ಟಿನ ಪಿರಮಿಡ್‌ಗಳನ್ನೇ ಕಂಪ್ಯೂಟರ್‌ನಲ್ಲಿ ಹತ್ತಿರ ಸರಿಸಿ ಟೀಕೆಗೆ ಗುರಿಯಾಯಿತು. 1990ರ ಫೆಬ್ರವರಿಯಲ್ಲಿ ಅಮೆರಿಕದ ಥಾಮಸ್ ಮತ್ತು ಜಾನ್ ನೋಲ್ ಎಂಬ ಅಣ್ಣತಮ್ಮಂದಿರು ಬರೆದ ಫೋಟೋಶಾಪ್ ಮಾರುಕಟ್ಟೆಗೆ ಬಂತು. ಯಜಮಾನ್ರ ಒಂದು ವಾರದ ಕೆಲಸ ಮಗನಿಗೆ ಅರ್ಧ ಗಂಟೆಯದಾಯಿತು. ಈಗ ನಿಮ್ಮ ಕೈಯಲ್ಲಿರುವ ಮೊಬೈಲ್ ನೀವು ಕೇಳದೆಯೇ ಮುಖ ನುಣುಪು ಮಾಡುತ್ತದೆ.

ತಿದ್ದುವುದಷ್ಟೇ ಅಲ್ಲ, ಕತ್ತರಿಸುವುದೂ ಸುಳ್ಳು ಹೇಳಬಲ್ಲದು. 2018ರಲ್ಲಿ ಮಕ್ಕಳ ಕಳ್ಳರು ಬಂದಿದ್ದಾರೆ ಎಂದು ಒಂದು ವಿಡಿಯೋ ವಾಟ್ಸಾಪ್‌ನಲ್ಲಿ ಹರಿದಾಡಿದ್ದು ನಿಮಗೆ ನೆನಪಿರಬಹುದು. ಅದು ಪಾಕಿಸ್ತಾನದ ಕರಾಚಿಯಲ್ಲಿ ಮಕ್ಕಳ ಸುರಕ್ಷತೆಗಾಗಿ ಮಾಡಿದ ಜಾಗೃತಿ ವಿಡಿಯೋ. ಕೊನೆಯಲ್ಲಿ ಮಗುವನ್ನು ವಾಪಸ್ ಬಿಟ್ಟು ಎಚ್ಚರಿಕೆಯ ಫಲಕ ತೋರಿಸುತ್ತಾರೆ. ಆ ಕೊನೆಯನ್ನು ಯಾರೋ ಕತ್ತರಿಸಿದ್ದರು. ಅಂಥ ವದಂತಿಗಳ ಕಾಲದಲ್ಲೇ, ಆ ವರ್ಷ ಜುಲೈನಲ್ಲಿ ನಮ್ಮ ಬೀದರ್ ಜಿಲ್ಲೆಯಲ್ಲಿ ಮಕ್ಕಳಿಗೆ ಚಾಕಲೇಟ್ ಕೊಟ್ಟದ್ದಕ್ಕೆ ಅನುಮಾನಪಟ್ಟು ಹೈದರಾಬಾದಿನ ಒಬ್ಬ ಯುವಕನನ್ನು ಗುಂಪು ಹೊಡೆದು ಕೊಂದಿತು.

ನಾನು ಕತ್ತರಿಸಿದ್ದು

ಬೇರೆಯವರ ಕತೆ ಹೇಳಿ ನನ್ನದು ಮುಚ್ಚಿಟ್ಟರೆ ತಪ್ಪಾಗುತ್ತದೆ.

ನಾನು ವರದಿಗಾರಿಕೆ ಶುರು ಮಾಡಿದ ಮೊದಲ ವರ್ಷ. ಒಂದು ಊರಿನಲ್ಲಿ ಕುಡಿಯುವ ನೀರಿನ ಘಟಕದ ಉದ್ಘಾಟನೆ. ಆ ಪಂಚಾಯಿತಿಗೆ ಅಧ್ಯಕ್ಷರು ಒಬ್ಬ ಹೆಣ್ಣುಮಗಳು. ಟೇಪು ಕತ್ತರಿಸುವಾಗ ನಡುವೆ ನಿಂತಿದ್ದು ಅವರ ಗಂಡ, ಸುತ್ತ ಮುಖಂಡರು. ಅಧ್ಯಕ್ಷರು ಎಡಗಡೆ ತುದಿಯಲ್ಲಿ, ಸೆರಗು ಹೊದ್ದು ನಿಂತಿದ್ದರು. ಪತ್ರಿಕೆಯಲ್ಲಿ ಎರಡು ಕಾಲಂ ಜಾಗ. ಫೋಟೋ ಅಗಲ ಆಯಿತು ಅಂತ ನಾನೇ ಎಡಗಡೆ ಒಂಚೂರು ಕತ್ತರಿಸಿ ಕಳಿಸಿದೆ. ಏನನ್ನೂ ತಿದ್ದಲಿಲ್ಲ, ಏನನ್ನೂ ಸೇರಿಸಲಿಲ್ಲ.

ಒಂದು ವಾರ ಬಿಟ್ಟು ಅವರು ಬಸ್ ಸ್ಟ್ಯಾಂಡಿನಲ್ಲಿ ಸಿಕ್ಕರು. ಜಗಳವಾಡಲಿಲ್ಲ. "ಅಣ್ಣಾ, ಅವತ್ತು ನಾನೂ ಅಲ್ಲಿದ್ದೆ ಅಲ್ವಾ?" ಅಂದರು ಅಷ್ಟೇ.

ಯೆಜೋವ್ ಫೋಟೋ ಬಗ್ಗೆ ಓದಿದಾಗಲೆಲ್ಲ ನನಗೆ ಆ ಮಾತು ಕಿವಿಯಲ್ಲಿ ಕೇಳುತ್ತದೆ. ಆಮೇಲಿಂದ ಬರದ ಮುಖಂಡರ ಮುಖ ಸೇರಿಸಿ ಕಳಿಸಿ ಎಂದು ಯಾರು ಕೇಳಿದರೂ ನಾನು ಒಪ್ಪಿಲ್ಲ. ಅದಕ್ಕಿಂತ ಹೆಚ್ಚಾಗಿ, ಕತ್ತರಿಸುವ ಮೊದಲು ತುದಿಯಲ್ಲಿ ಯಾರು ನಿಂತಿದ್ದಾರೆ ಎಂದು ನೋಡುತ್ತೇನೆ.

ರಟ್ಟಿನ ಹಿಂದೆ ಇಟ್ಟಿದ್ದು

ಯಜಮಾನ್ರ ಹತ್ತಿರ ಕೊನೆಗೆ ಒಂದು ಮಾತು ಕೇಳಿದೆ. ಅಜ್ಜಿಯ ಆ ಬರಿ ಹಣೆಯ ಫೋಟೋವನ್ನು ಫ್ರೇಮ್ ಒಳಗೆ ಇಟ್ಟವರು ಯಾರು?

"ನಾನೇ. ಜೋಡಿ ಫೋಟೋ ಮಾಡಿಕೊಟ್ಟಾಗಲೆಲ್ಲ ಅಸಲಿ ಫೋಟೋನ ಹಿಂದಗಡೆ ಇಟ್ಟು ಮೊಳೆ ಹೊಡೀತಿದ್ದೆ. ನಾನು ಬರೆದಿದ್ದು ಮನೆಯವರ ಆಸೆ. ಇದ್ದಿದ್ದು ಇದು. ಯಾವತ್ತೋ ಒಂದಿನ ಯಾರಾದ್ರೂ ಬಿಚ್ಚಿ ನೋಡಿದ್ರೆ ಎರಡೂ ಸಿಗಲಿ ಅಂತ."

ನನ್ನ ಪ್ರಶ್ನೆಗೆ ಉತ್ತರ ಅದೇ ಅನ್ನಿಸಿತು. ಆ ಫೋಟೋ ಸುಳ್ಳಲ್ಲ. ಅದರ ಅಸಲನ್ನು ಯಾರೂ ಸುಟ್ಟಿರಲಿಲ್ಲ.

ಮನೆಗೆ ಬಂದು ಅಪ್ಪನಿಗೆ ಇನ್ನೊಂದು ಕೇಳಿದೆ. ಜೋಡಿ ಫೋಟೋ ಮೊದಲ ಸಲ ನೋಡಿದಾಗ ಅಜ್ಜಿ ಏನಂದರು? ಅಪ್ಪ ಹೇಳಿದರು: ಪಡಸಾಲೆಯಲ್ಲಿ, ಬಂದವರಿಗೆಲ್ಲ ಕಾಣುವ ಹಾಗೆ ತೂಗುಹಾಕಿದ್ದೆವು. ಅಜ್ಜಿ ಹತ್ತಿರ ಹೋಗಿ ಗಾಜಿನ ಮೇಲೆ ಕುಂಕುಮ ಇರುವ ಕಡೆ ಬೆರಳಿಟ್ಟರು. "ಇಪ್ಪತ್ತೆರಡು ವರ್ಷ ಆದ್ಮೇಲೆ ಇಕ್ಕಿದ್ರಾ?" ಅಂದರು. ಆಮೇಲೆ, "ಇಲ್ಲಿ ಬ್ಯಾಡ, ಒಳಗೆ ಹಾಕಿ" ಅಂದರು. ಅದಕ್ಕೇ ಅದು ನಡುಮನೆಗೆ ಹೋಯಿತು. ಅಜ್ಜಿಗೆ ಖುಷಿಯಾಯಿತೋ ನೋವಾಯಿತೋ ಅಪ್ಪ ಕೇಳಲಿಲ್ಲ. 2004ರಲ್ಲಿ ಅಜ್ಜಿ ಹೋದರು.

ಈಗ ನನ್ನ ಚಿಕ್ಕಪ್ಪನ ಮಗ ಆ ಫೋಟೋವನ್ನು ಮೊಬೈಲ್‌ನಲ್ಲಿ ಹಾಕಿ, ಅಜ್ಜಿ ನಗುವ ಹಾಗೆ, ತಾತ ಕೈ ಮುಗಿಯುವ ಹಾಗೆ ಮಾಡಿಕೊಟ್ಟಿದ್ದಾನೆ. ಮನೆಯವರೆಲ್ಲ ನೋಡಿ ಕಣ್ಣೊರೆಸಿಕೊಂಡರು. ಬೇಡ ಅನ್ನಲು ನಾನು ಯಾರು? ಆದರೆ ಒಂದು ಕೆಲಸ ಮಾಡಿದ್ದೇನೆ. ಎರಡೂ ಹಳೇ ಫೋಟೋಗಳನ್ನು ಹಾಗ್ಹಾಗೇ ಸ್ಕ್ಯಾನ್ ಮಾಡಿಸಿ ಬೇರೆ ಇಟ್ಟೆ. ಫ್ರೇಮ್‌ಗೆ ಹೊಸ ರಟ್ಟು ಹಾಕುವ ಮೊದಲು ಬರಿ ಹಣೆಯ ಅಜ್ಜಿಯನ್ನು ಅದೇ ಜಾಗದಲ್ಲಿ ಇಟ್ಟೆ. ರಟ್ಟಿನ ಹಿಂದೆ ಪೆನ್ಸಿಲ್‌ನಲ್ಲಿ ಬರೆದೆ: ಇಬ್ಬರ ಹೆಸರು, 1961, 1983, ಕೋಟು ಬರೆದದ್ದು, ಕುಂಕುಮ ಬರೆದದ್ದು.

ನಿಮ್ಮ ಮನೆಯ ಗೋಡೆಯ ಮೇಲೂ ಇಂಥದ್ದೊಂದು ಇದ್ದರೆ, ಗೆದ್ದಲು ಹಿಡಿಯುವ ಮೊದಲು, ಹೇಳುವವರು ಇರುವಾಗಲೇ, ಒಮ್ಮೆ ಕೆಳಗಿಳಿಸಿ ಕೇಳಿ ನೋಡಿ. ಕೇಳಿದ್ದನ್ನು ಹಿಂದೆ ಬರೆದಿಡಿ.